ಆರನೇ ಹಲಗೆಯಲ್ಲಿ ಸಿಕ್ಕಿತು ನೀಲಿ

ನಾಲ್ಕು ತಿಂಗಳಿಂದ ಒಂದೇ ನೀಲಿಯ ಹಿಂದೆ ಬಿದ್ದಿದ್ದೆ. ನಿನ್ನೆ ಸಿಕ್ಕಿತು! ಎರಡಡಿ ಅಗಲ, ಮೂರಡಿ ಎತ್ತರದ ಪ್ಲೈವುಡ್. ಗೆರೆ ಇಲ್ಲ, ಆಕಾರ ಇಲ್ಲ, ಬರೀ ನೀಲಿ. ಉಜ್ಜಿದ್ದು, ಪ್ರೈಮರ್ ಹೊಡೆದದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ತಲೆನೋವು ಇದ್ದದ್ದು ಅಂಟಿನದು. ಅಲ್ಟ್ರಾಮರೀನ್ ಅನ್ನುವ ಕಡುನೀಲಿ ಪುಡಿಯನ್ನು ಡಬ್ಬಿಯಲ್ಲಿ ನೋಡಿದರೆ ಕಣ್ಣು ತುಂಬುತ್ತದೆ. ಅದನ್ನೇ ಅಕ್ರಿಲಿಕ್ ಮೀಡಿಯಂ ಅನ್ನುವ ಪ್ಲಾಸ್ಟಿಕ್ ಅಂಟಿನಲ್ಲಿ ಕಲಸಿ ಬಳಿದರೆ ಒಣಗುವಷ್ಟರಲ್ಲಿ ಕಪ್ಪಾಗಿ, ಪ್ಲಾಸ್ಟಿಕ್ ಬಕೆಟ್ ಥರ ಮಿಂಚುತ್ತದೆ. ಮೀಡಿಯಂ ಕಡಿಮೆ ಮಾಡಿದರೆ ಪುಡಿ ಬೆರಳಿಗೆ ಬರುತ್ತದೆ. ಗೋಂದು ಹಾಕಿದೆ, ಬಿರುಕು ಬಿಟ್ಟಿತು. ಫ್ರಾನ್ಸಿನ ಕಲಾವಿದ ಈವ್ ಕ್ಲೈನ್ ಒದ್ದಾಡಿದ್ದೂ ಇದಕ್ಕೇ ಅಲ್ವಾ? ಪ್ಯಾರಿಸ್ಸಿನ ಬಣ್ಣದ ವ್ಯಾಪಾರಿಯೊಬ್ಬರ ಜೊತೆ ಸೇರಿ ಒಂದು ರಾಳ ಹುಡುಕಿಕೊಂಡು, 1960ರಲ್ಲಿ ಆ ಮಿಶ್ರಣವನ್ನು ತನ್ನ ಹೆಸರಿನಲ್ಲಿ ದಾಖಲು ಮಾಡಿಸಿದ. ಆ ರಾಳ ನಮ್ಮ ಚಿಕ್ಕಮಗಳೂರಿನಲ್ಲಿ ಎಲ್ಲಿಂದ ತರುವುದು?

ಇದರ ನಡುವೆ, ಬೆಂಗಳೂರಿನಿಂದ ತರಿಸಿದ ಎರಡನೇ ಕಿಲೋ ಪುಡಿಯಲ್ಲಿ ಸೀಮೆಸುಣ್ಣ ಬೆರೆಸಿದ್ದರು. ನಿಂಬೆರಸ ಬಿಟ್ಟ ತಕ್ಷಣ ಬುರುಬುರು ನೊರೆ. ಕೇಳಿದರೆ ‘ಎಲ್ಲರೂ ಇದನ್ನೇ ಒಯ್ಯುತ್ತಾರೆ ಮೇಡಂ’ ಅಂದರು. ಹೊಟ್ಟೆ ಉರಿಯಿತು.

ದಾರಿ ತೋರಿಸಿದ್ದು ಅಮ್ಮನ ರಂಗೋಲಿ. ಹೋದ ವಾರ ಬೆಳಿಗ್ಗೆ ತುಂತುರು ಬಿದ್ದು ನೀಲಿ ಎಳೆಗಳೆಲ್ಲ ಕಪ್ಪಾದವು. ಹನ್ನೊಂದು ಗಂಟೆಗೆ ಬಿಸಿಲು ಬಂತು. ಒಂದೊಂದೇ ಚುಕ್ಕಿ ಒಣಗಿ ಮತ್ತೆ ಹೊಳೆಯತೊಡಗಿತು. ಕಾಫಿ ಲೋಟ ಹಿಡಿದು ಅಲ್ಲೇ ಕೂತುಬಿಟ್ಟೆ. ಪುಡಿ ಅದೇ, ಬದಲಾದದ್ದು ಕಾಳುಗಳ ನಡುವಿನ ಜಾಗ. ಅಲ್ಲಿ ಗಾಳಿ ಇದ್ದರೆ ಬೆಳಕು ಚದುರಿ ವಾಪಸ್ ಬರುತ್ತದೆ. ನೀರು ತುಂಬಿದರೆ ಬೆಳಕು ಒಳಗಿಳಿದು ಅಲ್ಲೇ ಉಳಿಯುತ್ತದೆ. ಅಕ್ರಿಲಿಕ್ ಆಗಲಿ ಎಣ್ಣೆಯಾಗಲಿ ನೀರಿಗಿಂತ ಜಾಸ್ತಿ ತೊಂದರೆ, ಯಾಕೆಂದರೆ ಅವುಗಳ ವಕ್ರೀಭವನ ಅಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.5, ಅಲ್ಟ್ರಾಮರೀನಿನದೂ ಹತ್ತಿರ ಹತ್ತಿರ ಅಷ್ಟೇ. ಎರಡೂ ಒಂದೇ ಥರ ಆದರೆ ಬೆಳಕು ಚದುರುವುದೇ ಇಲ್ಲ. ಅಂದರೆ ಅಂಟು ಕಾಳುಗಳನ್ನು ಹಿಡಿದುಕೊಳ್ಳಬೇಕು, ಮುಳುಗಿಸಬಾರದು.

ಹಾಲಿನ ಪ್ರೋಟೀನ್ ಆದ ಕೇಸೀನ್ ಹೊಳೆದದ್ದು ಆಗ. ಕೆನೆ ತೆಗೆದ ಹಾಲು ಒಡೆಸಿ, ಹುಳಿ ಪೂರ್ತಿ ಹೋಗುವ ತನಕ ನಾಲ್ಕು ಸಲ ತೊಳೆದೆ. ಹುಳಿ ಉಳಿದರೆ ಅಲ್ಟ್ರಾಮರೀನ್ ಸತ್ತ ಹಾಗೆ. ಎಲೆಗೆ ಹಚ್ಚುವ ಸುಣ್ಣ ಸೇರಿಸಿ ಅರೆದರೆ ಹಾಲಿನ ಗಟ್ಟಿ ಕರಗಿ ಜೇನಿನಂಥ ಅಂಟಾಗುತ್ತದೆ. ಅದನ್ನು ತೆಳ್ಳಗೆ ಮಾಡಿ, ಪುಡಿ ಜಾಸ್ತಿ ಹಾಕಿ, ಮೂರು ಕೋಟ್ ರೋಲರ್ ಹೊಡೆದೆ. ಬ್ರಷ್ ಬೇಡ, ಕೈಯ ಗುರುತು ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಕ್ಯಾನ್ವಾಸ್ ಕೂಡ ಬೇಡ, ಮಡಚಿದರೆ ಕೇಸೀನ್ ಸೀಳುತ್ತದೆ.

ಅಂದ ಹಾಗೆ, ಮುಂದಿನದು ಕೆಂಪು. ಮೂಡಿಗೆರೆ ದಾರಿಯಲ್ಲಿ ರಸ್ತೆಗೆ ಕಡಿದ ದಿಣ್ಣೆಯಿಂದ ಎರಡು ಬಕೆಟ್ ಕೆಮ್ಮಣ್ಣು ತಂದಿದ್ದೇನೆ. ತೊಳೆದು, ಮರಳು ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು ಇಟ್ಟಿದ್ದೇನೆ. ಕಬ್ಬಿಣದ ಕೆಂಪಿಗೆ ಸುಣ್ಣದ ಭಯವಿಲ್ಲ.

ಬೆಳಿಗ್ಗೆ ಹಲಗೆಯನ್ನು ಕಿಟಕಿಯ ಪಕ್ಕ ನಿಲ್ಲಿಸಿದೆ. ಅಮ್ಮ ಬಂದು ಮುಟ್ಟಲು ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದರು. ‘ಇದರ ಮೈ ಎಲ್ಲಿದೆಯೇ?’ ಅಂದರು. ಇಬ್ಬರೂ ಒಂದು ನಿಮಿಷ ಸುಮ್ನೆ ನೋಡಿದೆವು. ಆಮೇಲೆ ಸುಣ್ಣ ಬಳಿದ ಗೋಡೆಯ ಕಡೆ ತಿರುಗಿದರೆ, ನೀಲಿ ನೋಡಿ ದಣಿದ ಕಣ್ಣಿಗೆ ಅಲ್ಲಿ ಎರಡಡಿ ಅಗಲ, ಮೂರಡಿ ಎತ್ತರ ತಿಳಿಹಳದಿ ತೇಲುತ್ತಿತ್ತು. ಅಮ್ಮನಿಗೂ ಕಂಡಿತು.