ಸೇಬು ತೋಟದಲ್ಲಿ ರೇವತಿ ಮಳೆ

ಏಪ್ರಿಲ್ ಮೊದಲ ವಾರ ಕಾಫಿ ತೋಟದವರು ಊರು ಬಿಡುವುದಿಲ್ಲ. ರೊಬಸ್ಟಾಕ್ಕೆ ಹೇಗೂ ಮೊದಲೇ ಸ್ಪ್ರಿಂಕ್ಲರ್ ಹೊಡೆದು ಹೂ ಮಾಡಿಸಿ ಆಗಿರುತ್ತದೆ. ಅರೇಬಿಕಾ ಮಾತ್ರ ಅಕ್ಕಿಕಾಳಿನಂಥ ಮೊಗ್ಗು ಇಟ್ಟುಕೊಂಡು ಮುಗಿಲು ನೋಡುತ್ತ ಕೂತಿರುತ್ತದೆ. ಒಂದಿಂಚು ಹೂಮಳೆ ಬಿದ್ದರೆ ಒಂಬತ್ತು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಘಮ. ಹತ್ತು ಸೆಂಟ್ ಹನಿಸಿ ಕೈಕೊಟ್ಟರೆ ಮೊಗ್ಗು ಅತ್ತ ಅರಳದೆ ಇತ್ತ ಉಳಿಯದೆ ಕೆಡುತ್ತದೆ. ನಮ್ಮ ಮೂಡಿಗೆರೆ ಕಡೆ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದಿಂಚು. ಮಿಲಿಮೀಟರ್ ಏನಿದ್ದರೂ ಟೀವಿಯವರ ಲೆಕ್ಕ.

ಪಂಚಾಂಗದ ಲೆಕ್ಕಕ್ಕೆ ರೇವತಿ ಮಳೆ ಹುಟ್ಟಿ ಮೂರು ದಿನವಾದರೂ ಒಂದು ಹನಿ ಇರಲಿಲ್ಲ. ಟಿಕೆಟ್ ರದ್ದು ಮಾಡೋಣವೆಂದು ಎರಡು ಸಲ ಅಂದೆ. "ನೀವು ಜಗಲಿ ಮೇಲೆ ಕೂತ್ಕೊಂಡು ನೋಡ್ತಿದ್ರೆ ಬರುತ್ತಾ ಅದು? ನಡೀರಿ ಸುಮ್ನೆ" ಎಂದಳು ನನ್ನವಳು. ಸೇಬಿನ ಹೂ ನೋಡಬೇಕೆಂಬುದು ಅವಳ ಬಹಳ ವರ್ಷದ ಆಸೆ. ಮಳೆ ಬಂದರೆ ಫೋನ್ ಮಾಡು ಎಂದು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೆ ಹೇಳಿ ಹಿಮಾಚಲಕ್ಕೆ ಹೊರಟೆವು.

ದೆಹಲಿಯಿಂದ ರಾತ್ರಿ ವೋಲ್ವೋ ಬಸ್ಸಿನ ಬಗ್ಗೆ ಬರೆಯುವಂಥದ್ದೇನಿಲ್ಲ, ಸೊಂಟ ಹಿಡಿಯಿತು ಅಷ್ಟೆ. ಬೆಳಕು ಹರಿದಾಗ ಪಂಡೋ ಅಣೆಕಟ್ಟು ದಾಟಿದ್ದೆವು. ಬಿಯಾಸ್ ನದಿ ರಸ್ತೆಯ ಮಗ್ಗುಲಲ್ಲೇ ಬರುತ್ತಿತ್ತು. 2023ರ ಜುಲೈನಲ್ಲಿ ಇದೇ ನದಿ ಕುಲು-ಮನಾಲಿ ಹೆದ್ದಾರಿಯನ್ನು ಅಲ್ಲಲ್ಲಿ ಬಾಯಿಗೆ ಹಾಕಿಕೊಂಡಿತ್ತು. ಅದರ ಗುರುತು ಇನ್ನೂ ಇದೆ: ಆನೆ ಗಾತ್ರದ ಬಂಡೆಗಳು, ತುದಿ ಮುರಿದ ತಡೆಗೋಡೆ. ಪಟ್ಲಿಕುಹಲ್‌ನಲ್ಲಿ ಇಳಿದು ಸೇತುವೆ ದಾಟಿ ನಗ್ಗರ್‌ಗೆ ಹತ್ತಿದೆವು. ಸುಮಾರು 1,800 ಮೀಟರ್ ಎತ್ತರದ ಊರು; ಒಂದು ಕಾಲಕ್ಕೆ ಕುಲು ಅರಸರ ರಾಜಧಾನಿ. ಕಲ್ಲಿನ ಒಂದು ವರಸೆ, ದೇವದಾರು ತೊಲೆಯ ಒಂದು ವರಸೆ ಇಟ್ಟು ಕಟ್ಟಿದ ಅರಮನೆ 1905ರ ಕಾಂಗ್ರಾ ಭೂಕಂಪಕ್ಕೂ ಜಗ್ಗದೆ ನಿಂತಿದೆ. ಆ ಕಟ್ಟಡ ಶೈಲಿಗೆ ಅಲ್ಲಿ ಕಾಠ್‌ಕುಣಿ ಅನ್ನುತ್ತಾರೆ.

ನಾವು ಉಳಿದದ್ದು ಊರಿನ ಮೇಲ್ಗಡೆ, ಸೇಬು ತೋಟದ ನಡುವಿನ ಒಂದು ಮನೆಯಲ್ಲಿ. ಯಜಮಾನರು ನನ್ನ ವಯಸ್ಸಿನವರೇ. ನನ್ನ ಹಿಂದಿ ತೋಟಕ್ಕೆ ಬರುವ ಅಸ್ಸಾಮಿನ ಕೆಲಸದವರ ಹತ್ತಿರ ಕಲಿತದ್ದು, ಅವರದ್ದು ಪಹಾಡಿ ಬೆರೆತದ್ದು. ಆದರೂ ಚಹಾ ಮುಗಿಯುವುದರೊಳಗೆ ಇಬ್ಬರೂ ಗಿಡದ ಬುಡದಲ್ಲಿ ಕೂತಿದ್ದೆವು. ರಾಯಲ್ ಜಾತಿಯ ಮರಗಳು ಅರ್ಧ ಅರಳಿ, ಇನ್ನರ್ಧ ಗುಲಾಬಿ ಮೊಗ್ಗಿನ ಹಂತದಲ್ಲಿದ್ದವು. ಮರದಿಂದ ಮರಕ್ಕೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ನೇತುಹಾಕಿ, ಅದರಲ್ಲಿ ಬೇರೆ ಜಾತಿಯ ಸೇಬಿನ ಹೂಗೊಂಚಲು ಇಟ್ಟಿದ್ದರು. ಅಲಂಕಾರ ಅಂದುಕೊಂಡೆ. ಅಲ್ಲ, ರಾಯಲ್‌ಗೆ ತನ್ನ ಪರಾಗದಿಂದ ಕಾಯಿ ಕಟ್ಟುವುದಿಲ್ಲ; ಬಾಟಲಿಯ ಹೂವಿನಿಂದ ಜೇನುಹುಳ ಪರಾಗ ಹೊತ್ತು ತರಬೇಕು. ಅದಕ್ಕೆ ಜೇನುಪೆಟ್ಟಿಗೆಗಳನ್ನೂ ಬಾಡಿಗೆಗೆ ತಂದು ಇಟ್ಟಿದ್ದರು. ನಮ್ಮ ಅರೇಬಿಕಾಕ್ಕೆ ಈ ರಗಳೆ ಇಲ್ಲ, ಅದರ ಪರಾಗ ಅದಕ್ಕೇ ಸಾಕು ಎಂದೆ. "ಅದೃಷ್ಟವಂತರು ಜೀ" ಎಂದರು. ಈ ಕಣಿವೆಗೆ ಸೇಬು ತಂದವರು ಕ್ಯಾಪ್ಟನ್ ಲೀ ಅನ್ನುವ ಆಂಗ್ಲರು, 1870ರಲ್ಲಿ, ನದಿಯಾಚೆಯ ಬಂದ್ರೋಲ್ ಎಂಬಲ್ಲಿ. ನಾನು ಬಾಬಾಬುಡನ್ ತಂದ ಏಳು ಬೀಜದ ಕಥೆ ಹೇಳಿದೆ. ಲೆಕ್ಕ ಚುಕ್ತಾ.

ಮರುದಿನ ಬೆಳಗ್ಗೆ ರೋರಿಕ್ ಮನೆ ನೋಡಲು ಹೋದೆವು. ಹಿಮಾಲಯವನ್ನು ನೀಲಿ, ನೇರಳೆಯಲ್ಲಿ ಅದ್ದಿ ಬರೆದ ರಷ್ಯದ ಕಲಾವಿದ ನಿಕೊಲಾಯ್ ರೋರಿಕ್ ಇಲ್ಲೇ ನೆಲೆಸಿ 1947ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮಗ ಸ್ವೆತೊಸ್ಲಾವ್, ಸೊಸೆ ದೇವಿಕಾ ರಾಣಿ ಎಂದರೆ ನಮಗೆ ಹತ್ತಿರದವರು: ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಅವರದ್ದೇ. "ಇಷ್ಟು ಚೆಂದದ ಜಾಗ ಬಿಟ್ಟು ತಾತಗುಣಿಗೆ ಯಾಕ್ ಬಂದ್ರೋ" ಎಂದಳು ನನ್ನವಳು. ಆ ದಿನ ಸಂಜೆಗೆ ಉತ್ತರ ಸಿಕ್ಕಿತು.

ಬೆಳಗ್ಗೆಯೇ ಪಶ್ಚಿಮದ ಕಡೆಯಿಂದ ಹತ್ತಿ ಎಳೆದ ಹಾಗೆ ತೆಳು ಮೋಡ ಬರುತ್ತಿತ್ತು. ಸೂರ್ಯನ ಸುತ್ತ ಕಣ ಕಟ್ಟಿತ್ತು, ಬೆಳಕಿನ ಬಳೆಯ ಹಾಗೆ. ಹವಾಮಾನ ಇಲಾಖೆಯದ್ದು ಆರೆಂಜ್ ಅಲರ್ಟ್: ಮಳೆ, ಗಾಳಿ, ಎತ್ತರದ ಜಾಗಗಳಲ್ಲಿ ಹಿಮ. ಯಜಮಾನರು ಮಾತು ಕಡಿಮೆ ಮಾಡಿದ್ದರು. ತೋಟದ ಮೇಲಿನ ತುಂಡಿಗೆ ಆಲಿಕಲ್ಲು ತಡೆಯುವ ಬಿಳಿ ಬಲೆ ಹಾಕಿಸಿದ್ದರು, ಕೆಳಗಿನ ತುಂಡಿಗೆ ದುಡ್ಡು ಸಾಲದೆ ಬಿಟ್ಟಿದ್ದರು.

ಮೂರೂವರೆಗೆ ಗಾಳಿ ಎದ್ದಿತು. ಮೊದಲು ನದಿಪಾತ್ರದ ಮರಳು ಕಣಿವೆಯುದ್ದಕ್ಕೂ ಬೂದಿಯ ಹಾಗೆ ಮೇಲೆ ಬಂತು. ಆಮೇಲೆ ಯಾರದೋ ಮನೆಯ ತಗಡು ಬಡಿದುಕೊಳ್ಳತೊಡಗಿತು. ಹೂವಿನ ಎಸಳು ಅಡ್ಡಡ್ಡ ಹಾರಿದವು. ಬಾಟಲಿಗಳು ಒಂದಕ್ಕೊಂದು ತಾಗಿ ಟಕಟಕ. ಐದು ನಿಮಿಷದಲ್ಲಿ ಎದುರಿನ ಬೆಟ್ಟ ಕಾಣೆ. ಗುಡುಗಿನ ಹಿಂದೆಯೇ ತಗಡಿನ ಮಾಡಿನ ಮೇಲೆ ಯಾರೋ ಬಟಾಣಿ ಮೂಟೆ ಸುರಿದ ಸದ್ದು.

ಆಲಿಕಲ್ಲು ಕಂಡರೆ ನಮಗೆ ಇವತ್ತಿಗೂ ಮಕ್ಕಳಾಟವೇ. ತಲೆ ಮೇಲೆ ಟವೆಲ್ ಹಾಕಿಕೊಂಡು ಅಂಗಳಕ್ಕೆ ಓಡಿದೆ, ಒಂದು ಮುಷ್ಟಿ ಬಾಚಿ ಎರಡು ಬಾಯಿಗೆ ಹಾಕಿಕೊಂಡೆ, ಇವಳಿಗೂ ಕೊಡೋಣವೆಂದು ತಿರುಗಿದೆ. ಯಜಮಾನರು ಬಾಗಿಲ ಚೌಕಟ್ಟಿಗೆ ಒರಗಿ ಕೆಳಗಿನ ತುಂಡನ್ನು ನೋಡುತ್ತಿದ್ದರು. ನನ್ನತ್ತ ನೋಡಲೂ ಇಲ್ಲ. ಬಾಯೊಳಗಿದ್ದದ್ದನ್ನು ಉಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅದು ಕರಗುವವರೆಗೆ ಅಲ್ಲೇ ನಿಂತಿದ್ದೆ.

ಹತ್ತು ನಿಮಿಷಕ್ಕೆ ಆಲಿಕಲ್ಲು ನಿಂತು ಮಳೆ ಹಿಡಿಯಿತು. ಕರೆಂಟ್ ಹೋಯಿತು. ರಾತ್ರಿ ತಂದೂರ್ ಸುತ್ತ ಕೂತೆವು. ತಂದೂರ್ ಎಂದರೆ ರೊಟ್ಟಿ ಸುಡುವ ಒಲೆಯಲ್ಲ, ಕೋಣೆ ಬೆಚ್ಚಗಿಡುವ ಕಬ್ಬಿಣದ ಸೌದೆ ಒಲೆ, ಹೊಗೆ ಕೊಳವೆಯಲ್ಲಿ ಮಾಡಿನಾಚೆ ಹೋಗುತ್ತದೆ. ಮನೆಯಾಕೆ ಸಿಡ್ಡು ಮಾಡಿದ್ದರು. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣ ಇಟ್ಟು ಹಬೆಯಲ್ಲಿ ಬೇಯಿಸಿದ್ದು, ಮೇಲೆ ತುಪ್ಪ. ನಮ್ಮ ಕಡುಬಿನ ಮಾವನ ಮಗ ಎನ್ನಬಹುದು. ಇವಳು ಹಿಂದಿಯಿಲ್ಲದೆಯೇ ಹಿಟ್ಟಿನ ಹದ ಕೇಳಿ ತಿಳಿದುಕೊಂಡಳು.

"ಇದೇ ಮಳೆ ಜನವರಿಯಲ್ಲಿ ಬಂದಿದ್ದರೆ ದೇವತಾಗೆ ಹರಕೆ ಒಪ್ಪಿಸ್ತಿದ್ದೆ" ಎಂದರು ಯಜಮಾನರು. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ವಾಯುಭಾರ ಕುಸಿತ ಪಶ್ಚಿಮದ ಮೇಲ್ಗಾಳಿಯ ಜೊತೆ ಇರಾನ್, ಆಫ್ಘಾನಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ಢಿಕ್ಕಿ ಹೊಡೆಯುತ್ತದೆ; ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವುದು ಇದಕ್ಕೇ. ಅಲ್ಲಿಯ ರೈತರ ಬಾಯಲ್ಲೂ ಅದೇ ಹೆಸರು. ಚಳಿಗಾಲದಲ್ಲಿ ಅದು ಸುರಿಸುವ ಹಿಮಕ್ಕೆ ಅವರು ಸಫೇದ್ ಖಾದ್, ಬಿಳಿ ಗೊಬ್ಬರ ಅನ್ನುತ್ತಾರೆ. ರಾಯಲ್ ಮರಕ್ಕೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಗೂ ಹೆಚ್ಚು ಸಿಕ್ಕಬೇಕು, ಇಲ್ಲದಿದ್ದರೆ ವಸಂತದಲ್ಲಿ ನೆಟ್ಟಗೆ ಎಚ್ಚರಾಗುವುದಿಲ್ಲ. ಬೇಕಾದಾಗ ಬಾರದೆ ಹೂವಿನ ಹೊತ್ತಿಗೆ ಬರುವುದು ಈಚೆಗೆ ಜಾಸ್ತಿ ಎಂಬುದು ಅವರ ದೂರು. ಶೃಂಗೇರಿ ಹತ್ತಿರ ಕಿಗ್ಗದ ಋಷ್ಯಶೃಂಗ ಮಳೆ ತರಿಸುವುದಕ್ಕೂ ಸೈ, ನಿಲ್ಲಿಸುವುದಕ್ಕೂ ಸೈ ಎಂದು ಹೇಳಿದೆ. ವಿಳಾಸ ಕೇಳಿದರು, ನಗದೆ.

ಮಲಗುವ ಮುಂಚೆ ಅಭ್ಯಾಸ ಬಿಡದೆ ಒಂದು ನೆಟ್ಟನೆಯ ಸ್ಟೀಲ್ ಡಬ್ಬಿ ಕೇಳಿ ಇಸಕೊಂಡು ಅಂಗಳದಲ್ಲಿಟ್ಟೆ. ಬೆಳಗ್ಗೆ ಸ್ಕೇಲ್ ಅದ್ದಿ ನೋಡಿದರೆ ಒಂದೂಕಾಲು ಇಂಚು. ನೂರಿಪ್ಪತ್ತೈದು ಸೆಂಟ್! ನಮ್ಮ ಅರೇಬಿಕಾಕ್ಕೆ ಹೇಳಿ ಬರೆಸಿದ ಹಾಗೆ. ಯಜಮಾನರಿಗೆ ಸೆಂಟಿನ ಲೆಕ್ಕ ಬಿಡಿಸಿ ಹೇಳಿದೆ. ಡಬ್ಬಿಯೊಳಗೆ ಇಣುಕಿ, "ಇದು ನಿಮ್ಮ ಮಳೆ ಜೀ. ದಾರಿ ತಪ್ಪಿ ಇಲ್ಲಿಗೆ ಬಂದಿದೆ" ಎಂದರು.

ಆ ದಿನವಿಡೀ ಸುರಿಯಿತು. ಥರ್ಮಾಮೀಟರ್ ಆರು ಡಿಗ್ರಿ ಬಿಟ್ಟು ಮೇಲೇಳಲಿಲ್ಲ. ಪೆಟ್ಟಿಗೆಯ ಬಾಯಲ್ಲಿ ಒಂದು ಜೇನೂ ಇಲ್ಲ; ಅಷ್ಟು ಚಳಿಗೆ ಅವು ಹೊರಗೆ ಬರುವುದೇ ಇಲ್ಲ. ಸಂಜೆ ಐದಕ್ಕೆ ಮೋಡ ಹರಿದಾಗ ಎದುರಿನ ಬೆಟ್ಟದ ಮೇಲೆ ಅಳತೆಗೋಲಿಟ್ಟು ಗೆರೆ ಎಳೆದ ಹಾಗಿತ್ತು: ಕೆಳಗೆ ಒದ್ದೆ ಹಸಿರು ದೇವದಾರು, ಗೆರೆಯಿಂದ ಮೇಲೆ ಪೂರಾ ಬಿಳಿ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಬೆಟ್ಟದ ಮೈಮೇಲೇ ಬರೆದಿತ್ತು. ನಮ್ಮ ಮೇಲೆ ಬಿದ್ದ ಮಳೆಯೇ ಅಲ್ಲಿ ಹಿಮವಾಗಿತ್ತು.

ರಾತ್ರಿ ಅಷ್ಟೂ ನಕ್ಷತ್ರ. ನನ್ನವಳು ಶಾಲು ಹೊದ್ದು ಅಂಗಳದಲ್ಲಿ ನಿಂತು "ಅಬ್ಬಾ!" ಅನ್ನುತ್ತಿದ್ದಳು. ಯಜಮಾನರು ಮಾತ್ರ ಮಳೆಯ ದಿನಕ್ಕಿಂತ ಹೆಚ್ಚು ಚಡಪಡಿಸುತ್ತಿದ್ದರು. ಮೋಡವಿದ್ದರೆ ಕಂಬಳಿ ಹೊದ್ದ ಹಾಗೆ ನೆಲದ ಶಾಖ ಉಳಿಯುತ್ತದೆ. ಮುಗಿಲು ಬಿಚ್ಚಿದರೆ ಬೆಳಗಿನ ಜಾವಕ್ಕೆ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಅರಳಿದ ಹೂವಿಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಾದರೆ ಪೆಟ್ಟು ಶುರು, ನಾಲ್ಕಾದರೆ ಹೆಚ್ಚುಕಡಿಮೆ ಎಲ್ಲ ಹೋದಂತೆ. ಮೂರು ಗಂಟೆಗೆ ಹೊಗೆಯ ವಾಸನೆಗೆ ಎಚ್ಚರಾಯಿತು. ಅಪ್ಪ-ಮಗ ಇಬ್ಬರೂ ಕೆಳಗಿನ ತುಂಡಿನಲ್ಲಿ ಸವರಿದ ಕೊಂಬೆ, ಹಸಿ ಹುಲ್ಲು ಒಟ್ಟಿ ಅಲ್ಲಲ್ಲಿ ಬೆಂಕಿ ಹಾಕುತ್ತಿದ್ದರು. ನಾನೂ ಹೋಗಿ ಒಂದು ರಾಶಿಯ ಪಾರುಪತ್ಯ ವಹಿಸಿಕೊಂಡೆ. ಉರಿ ಏಳಬಾರದು, ಹೊಗೆ ಏಳಬೇಕು. ನಾನು ಹಾಕಿದ್ದು ಉರಿದೇ ಹೋಯಿತು.

ಮಾರನೆಯ ದಿನ "ನೀವು ಪ್ರವಾಸಕ್ಕೆ ಬಂದವರು, ಹೋಗಿ ಬರಫ್ ನೋಡಿ" ಎಂದು ನಮ್ಮನ್ನು ಹೊರಡಿಸಿದರು. ಸೋಲಂಗ್‌ನಲ್ಲಿ ಪೊಲೀಸರು ನಮ್ಮ ಟ್ಯಾಕ್ಸಿ ನಿಲ್ಲಿಸಿದರು; ಮುಂದಕ್ಕೆ ಫೋರ್ ಬೈ ಫೋರ್ ಗಾಡಿ ಮಾತ್ರ. ಇನ್ನೆರಡು ಕುಟುಂಬದ ಜೊತೆ ಒಂದನ್ನು ಹಿಡಿದೆವು. ಅದರ ಟೈರಿನಲ್ಲಿ ಗೆರೆಗಳೇ ಇರಲಿಲ್ಲ ಎಂಬುದನ್ನು ಹತ್ತುವಾಗ ನೋಡಬೇಕಿತ್ತು. ಒಂದು ತಿರುವಿನಲ್ಲಿ ಚಾಲಕ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೂ ಗಾಡಿ ನೆಟ್ಟಗೆ, ಸದ್ದಿಲ್ಲದೆ, ಬಹಳ ನಿಧಾನವಾಗಿ ಅಂಚಿನ ಕಡೆ ಹೋಯಿತು. ಜೋರಾಗಿ ಹೋಗಿದ್ದರೆ ಕಿರುಚಬಹುದಿತ್ತು. ಆ ನಿಧಾನಕ್ಕೆ ಯಾರ ಬಾಯಲ್ಲೂ ಮಾತು ಬರಲಿಲ್ಲ. ಹಿಮ ತಳ್ಳಿ ಮಾಡಿದ್ದ ದಿಬ್ಬಕ್ಕೆ ಮೂತಿ ಹುಗಿದು ನಿಂತಿತು. ಚಾಲಕ ಇಳಿದು ಡಿಕ್ಕಿಯಿಂದ ಚೈನ್ ತೆಗೆದ. ಅದನ್ನು ಮೊದಲೇ ಹಾಕಬಾರದಿತ್ತಾ ಎಂದು ಇವಳು ಕನ್ನಡದಲ್ಲೇ ಬೈದಳು. ಅವನಿಗೆ ಅರ್ಥವಾಯಿತು ಅನ್ನಿಸುತ್ತದೆ.

ಅಟಲ್ ಸುರಂಗ 9.02 ಕಿಲೋಮೀಟರ್; 2020ರ ಅಕ್ಟೋಬರಿನಲ್ಲಿ ತೆರೆಯುವವರೆಗೆ ಚಳಿಗಾಲದಲ್ಲಿ ಲಾಹೌಲ್‌ಗೆ ಹೋಗಲು 3,978 ಮೀಟರಿನ ರೋಹ್ತಾಂಗ್ ದಾಟಬೇಕಿತ್ತು, ತಿಂಗಳುಗಟ್ಟಲೆ ಅದೂ ಬಂದ್. ಆಚೆ ಬಾಯಿಂದ ಹೊರಬಿದ್ದಾಗ ಕಣ್ಣು ಬಿಡಲಾಗಲಿಲ್ಲ. ಗಿಡ, ಕಲ್ಲು, ಹೊಲ ಯಾವುದೂ ಬೇರೆಬೇರೆಯಾಗಿ ಕಾಣದ ಬಿಳಿ, ನಡುವೆ ಚಂದ್ರಾ ನದಿ ಒಂದು ಕಪ್ಪು ದಾರ. ಸಿಸ್ಸುವಿನಲ್ಲಿ ಇಳಿದು ಹಿಮ ಮುಟ್ಟಿದೆ. ವಸಂತದ ಹಿಮ ಹಗುರವಲ್ಲ. ಹಿಂಡಿದರೆ ಗಟ್ಟಿ ಮೊಸರಿನ ಹಾಗೆ ನೀರು ಬಿಟ್ಟುಕೊಂಡಿತು. ಚಹಾದಂಗಡಿಯ ಅಜ್ಜಿ ಬಹಳ ಗೆಲುವಾಗಿದ್ದರು. ಲಾಹೌಲ್ ಮಳೆನೆರಳಿನ ನಾಡು; ಆಲೂಗೆಡ್ಡೆಗೂ ಬಟಾಣಿಗೂ ಕಾಲುವೆಯಲ್ಲಿ ಬರುವುದು ಕರಗಿದ ಹಿಮದ ನೀರೇ. ಈ ಸಲದ ಚಳಿಗಾಲ ಒಣಗಿಹೋಗಿತ್ತು, ಕೊನೆಗಾದರೂ ಬಿತ್ತಲ್ಲ ಎಂದರು. ನಗ್ಗರ್‌ನಲ್ಲಿ ಉಳಿದಿದ್ದೇವೆ ಎಂದದ್ದಕ್ಕೆ, "ಅಲ್ಲಿ ಹೂ ಇರಬೇಕಲ್ಲ ಈಗ" ಎಂದು ನಾಲಗೆ ಲೊಚಗುಟ್ಟಿದರು.

ಹೊರಡುವ ಬೆಳಗ್ಗೆ ಯಜಮಾನರು ಕೆಳಗಿನ ತುಂಡಿಗೆ ಕರೆದುಕೊಂಡು ಹೋದರು. ಒಂದೊಂದೇ ಹೂ ಕಿತ್ತು ಹೆಬ್ಬೆರಳಿನ ಉಗುರಿನಿಂದ ನಡುವೆ ಸೀಳುತ್ತಿದ್ದರು. ಒಳಗಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ, ತಿಳಿ ಹಸಿರಿದ್ದರೆ ಜೀವ ಇದೆ. ಕಂದಿದ್ದರೆ ಹೊರಗಿನ ಎಸಳು ಎಷ್ಟೇ ಚೆಂದವಿರಲಿ, ಕಾಯಿ ಇಲ್ಲ. ಕಂದು, ಕಂದು, ಹಸಿರು, ಕಂದು. ನಾನೂ ಸೀಳಿದೆ. ಮಳೆ ಕೈಕೊಟ್ಟ ವರ್ಷ ಕಾಫಿ ಮೊಗ್ಗನ್ನು ಹೀಗೆಯೇ ಸೀಳಿ ನೋಡುತ್ತೇನೆ. ಉಗುರಿನ ಸಂದಿಯಲ್ಲಿ ಕೂರುವ ಆ ಕಂದು ರಸ ಗುರುತಿನದ್ದೇ. ಬಲೆಯಡಿಯ ಮೇಲಿನ ತುಂಡು ಪರವಾಗಿಲ್ಲ ಅನ್ನಿಸಿತು. ಬಿಸಿಲಿಗೆ ಜೇನು ಹೊರಬಿದ್ದಿದ್ದವು.

ಚಂಡೀಗಢದವರೆಗೆ ಹಗಲಲ್ಲೇ ಟ್ಯಾಕ್ಸಿ ಮಾಡಿಕೊಂಡೆವು. ಬೆಟ್ಟ ಇಳಿದು ಪಂಜಾಬಿನ ಬಯಲಿಗೆ ಬಂದರೆ ಅಲ್ಲೂ ಅದೇ ಗಾಳಿ-ಮಳೆ ಹಾದುಹೋಗಿತ್ತು. ಕೊಯ್ಲಿಗೆ ಬಂದ ಗೋಧಿ ಎಮ್ಮೆ ಹೊರಳಿದ ಹಾಗೆ ತಿಟ್ಟುತಿಟ್ಟಾಗಿ ಮಲಗಿತ್ತು. ಅದನ್ನೇ ನೋಡುತ್ತಿರುವಾಗ ರೈಟರ್ ಫೋನ್.

"ಅಣ್ಣಾ, ರಾತ್ರಿ ಹುಯ್ತು. ಎಂಬತ್ತು ಸೆಂಟ್. ಮೇಲಿನ ಬ್ಲಾಕಲ್ಲಿ ಒಂದಿಂಚಿಗೆ ಹತ್ರ."

"ನೋಡಿದ್ರಾ, ನೀವಿಲ್ದೇನೇ ಬಂತು" ಎಂದಳು ನನ್ನವಳು.

ಒಂಬತ್ತನೇ ದಿನ ತೋಟ ಬೆಳ್ಳಗಾಯಿತು. ಫೋಟೋ ತೆಗೆದು ನಗ್ಗರ್‌ಗೆ ಕಳಿಸಲೋ ಬೇಡವೋ ಎಂದು ಎರಡು ದಿನ ಯೋಚಿಸಿ ಕಳಿಸಿದೆ. ಉತ್ತರ ಬಂದದ್ದು ಮೇ ತಿಂಗಳಲ್ಲಿ: ಬಟಾಣಿಗಿಂತ ಚೂರು ದಪ್ಪ, ಮೈಮೇಲೆ ನವಿರು ಕೂದಲಿರುವ ಎರಡು ಸೇಬುಗಾಯಿಯ ಚಿತ್ರ. ಜೊತೆಗೊಂದು ಧ್ವನಿ ಸಂದೇಶ. ಮೇಲಿನ ತುಂಡಿನಲ್ಲಿ ಕಾಯಿ ನಿಂತಿದೆ, ಕೆಳಗೆ ಹತ್ತು ಗೊಂಚಲಿಗೆ ಎರಡು. ಕೊನೆಗೆ, ನಿನ್ನೆ ಮತ್ತೆ ಮಳೆ ಬಂತು ಜೀ, ಡಬ್ಬಿ ಇಟ್ಟಿದ್ದೆ, ಚಾಲೀಸ್ ಸೆಂಟ್.