ಬೆಳಗಿನ ರೈಲು, ಒಂಬತ್ತರ ಪಾಳಿ

ಹೊಸಪೇಟೆಯ ಒಂದು ಹೋಟೆಲಿನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಒಂಬತ್ತು ವರ್ಷವಾಯಿತು. ಇಲ್ಲಿಂದ ಹಂಪಿಗೆ ಸುಮಾರು 13 ಕಿ.ಮೀ. ಹಾಗಾಗಿ ನಮ್ಮಲ್ಲಿ ಉಳಿಯುವವರೆಲ್ಲ ಹೆಚ್ಚುಕಮ್ಮಿ ಹಂಪಿ ನೋಡಲು ಬಂದವರೇ. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ರಿಸೆಪ್ಷನ್ ಮುಂದೆ ಬ್ಯಾಗ್ ಇಟ್ಟುಕೊಂಡು ನಿಂತಿರುತ್ತಾರೆ. ಚೆಕ್‌ಇನ್ ಮಾತ್ರ ಮಧ್ಯಾಹ್ನ 12ಕ್ಕೆ.

ನಮ್ಮ ದೂರುಗಳೆಲ್ಲ ಹುಟ್ಟುತ್ತಿದ್ದದ್ದು ಅಲ್ಲೇ. ರಾತ್ರಿ ನಿದ್ದೆಗೆಟ್ಟು ಬಂದವರನ್ನು ನಾಲ್ಕು ಗಂಟೆ ಸೋಫಾದ ಮೇಲೆ ಕೂರಿಸಿದರೆ, ಆಮೇಲೆ ಎಂಥ ರೂಮು ಕೊಟ್ಟರೂ ಅಷ್ಟೇ. ಟವೆಲ್ ಒರಟು, ಎಸಿ ಸದ್ದು, ಕಾಫಿ ಆರಿಹೋಗಿದೆ. ಬಂದ ಕೂಡಲೇ ರೂಮು ಸಿಕ್ಕವರು ಅದೇ ಟವೆಲ್‌ನಲ್ಲಿ ಮುಖ ಒರೆಸಿಕೊಂಡು ಸುಮ್ನೆ ಇರುತ್ತಾರೆ.

ಇದಕ್ಕೆ ಮೇಲಿನವರಿಗೆ ಗೊತ್ತಿದ್ದ ಮದ್ದು ಒಂದೇ: ಹೆಂಗಸರು ಬೇಗ ಬೇಗ ಕ್ಲೀನ್ ಮಾಡಲಿ. ನಾನೂ ಅದನ್ನೇ ನಂಬಿದ್ದೆ. ಪಾಳಿ ಒಂಬತ್ತಕ್ಕೆ, ಒಬ್ಬೊಬ್ಬರಿಗೆ ದಿನಕ್ಕೆ 12 ರೂಮು. ಮೊಬೈಲಿನಲ್ಲಿ ಟೈಮ್ ನೋಡುತ್ತಾ ಅವರ ಬೆನ್ನ ಹಿಂದೆ ನಿಂತದ್ದೂ ಉಂಟು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆ ಸೀಸನ್‌ನಲ್ಲಿ ಮೂವರು ಕೆಲಸ ಬಿಟ್ಟರು.

ಮೂರನೆಯವರು ಹೊರಟಾಗ ಕೇಳಿದೆ, "ಸಂಬಳ ಸಾಲಲ್ಲ ಅಂತಾನಾ ಅಕ್ಕಾ?"

"ಸಂಬಳ ಎಲ್ಲಾ ಕಡೀಗೂ ಅಷ್ಟೇ ಐತ್ರಿ ಮೇಡಂ. ದಿನಾ ಹನ್ನೆರಡು ಬಾತ್‌ರೂಮು ತೊಳಿತೀನಿ. ನನಗ ಹೋಗಾಕ ಒಂದಿಲ್ಲ."

ಸ್ಟಾಫ್‌ಗೆ ಒಂದು ಟಾಯ್ಲೆಟ್ ಇತ್ತು. ಜನರೇಟರ್ ಪಕ್ಕ, ಗಂಡಸರಿಗೂ ಅದೇ, ಚಿಲಕ ಕಿತ್ತುಹೋಗಿತ್ತು. ಗೆಸ್ಟ್ ಬಾತ್‌ರೂಮು ಬಳಸಿದರೆ ಬೈಗುಳ. ಅದಕ್ಕೇ ಇವರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ! ಬಂದುಹೋಗುವ ಗೆಸ್ಟ್‌ಗೆ ಎರಡು ಪುಟದ ಫೀಡ್‌ಬ್ಯಾಕ್ ಫಾರಂ ಕೊಡುತ್ತೇವೆ. ದಿನಾ ಜೊತೆಗಿರುವವರನ್ನು ಈ ಒಂದು ಮಾತು ಕೇಳಲು ನನಗೆ ಆರು ವರ್ಷ ಹಿಡಿಯಿತು.

ಜಗಳವಾಡಿ ಹೆಂಗಸರಿಗೆ ಬೇರೆ ಟಾಯ್ಲೆಟ್ ಮಾಡಿಸಿದೆ. ಗೊಣಗಾಟ ಕಮ್ಮಿಯಾಯಿತು. ಆದರೆ ಯಾರ ಮುಖದಲ್ಲೂ ಅಂಥ ಖುಷಿಯೇನೂ ಕಾಣಲಿಲ್ಲ. ಒಮ್ಮೆ ಟ್ರೇನಿಂಗ್‌ನಲ್ಲಿ ಕೇಳಿದ್ದು ಆಗ ನೆನಪಾಯಿತು. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1959ರಲ್ಲೇ ಹೇಳಿದ್ದರು: ಬೇಸರ ಹೋಗಲಾಡಿಸುವ ಸಂಗತಿಗಳು ಬೇರೆ, ತೃಪ್ತಿ ಕೊಡುವ ಸಂಗತಿಗಳು ಬೇರೆ. ಅವರು ಮಾತಾಡಿಸಿದ್ದು ಇಂಜಿನಿಯರ್, ಅಕೌಂಟೆಂಟ್‌ಗಳನ್ನು. ಟ್ರಾಲಿ ತಳ್ಳುವವರಿಗೂ ಅದು ಹೊಂದುತ್ತದೆ ಅಂತ ನಾನು ಕಂಡದ್ದು ಮುಂದಿನ ತಿಂಗಳು.

ಎಲ್ಲರನ್ನೂ ಕೂರಿಸಿ, ಬೆಳಗಿನ ಗೆಸ್ಟ್‌ಗಳ ರಗಳೆಗೆ ಏನು ಮಾಡೋಣ ಅಂತ ಕೇಳಿದೆ. ನಮ್ಮಲ್ಲಿ ಹಳಬರಾದ ಒಬ್ಬ ಅಕ್ಕ ತಟ್ಟನೆ ಅಂದರು, "ರಾತ್ರಿ ರೈಲಿಗೆ ಹೋದವರ ರೂಮು ಒಂಬತ್ತರ ತನಕ ಹಂಗೇ ಬಿದ್ದಿರ್ತಾವಲ್ರಿ. ನಾವು ಆರೂವರೆಗೆ ಬಂದ್ರ ಮುಗೀತು."

ಇಷ್ಟೇ. ಮ್ಯಾನೇಜರ್‌ಗೂ ಹೊಳೆದಿರಲಿಲ್ಲ, ನನಗೂ ಇಲ್ಲ. ಊರೊಳಗೇ ಮನೆಯಿದ್ದ ಮೂವರು ತಾವಾಗಿಯೇ ಬೆಳಗಿನ ಪಾಳಿ ಕೇಳಿ ತೆಗೆದುಕೊಂಡರು. ಎರಡೂವರೆಗೆ ಬಿಡುವು, ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಮಕ್ಕಳನ್ನು ಹೊರಡಿಸಲು ಅತ್ತೆಯೋ ಗಂಡನೋ ಇದ್ದವರಿಗೆ ಮಾತ್ರ ಇದು ಆಗುವ ಮಾತು, ಅದೂ ನಿಜ. ಕಮಲಾಪುರದ ಕಡೆಯಿಂದ ಬರುವವರು ಒಂಬತ್ತಕ್ಕೇ ಉಳಿದರು. ಅವರು ಬಸ್ಸನ್ನು ನಂಬಿಕೊಂಡವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ "ದುಡ್ಡು ಉಳೀತು, ಸೀಟು ಹೋತು" ಅಂತ ನಗುತ್ತಾರೆ.

ಈಗ ಎಂಟರೊಳಗೆ ನಾಲ್ಕೈದು ರೂಮು ತಯಾರಿರುತ್ತವೆ. ಎಲ್ಲರಿಗೂ ಸಾಲುವುದಿಲ್ಲ. ಮಕ್ಕಳು, ವಯಸ್ಸಾದವರು ಇದ್ದವರಿಗೆ ಮೊದಲು ಕೊಡುತ್ತೇವೆ. ಯಾರಿಗೆ ಯಾವ ರೂಮು ಮೊದಲು ಆಗುತ್ತದೆ ಅಂತ ರಿಸೆಪ್ಷನ್‌ಗೆ ಫೋನ್ ಮಾಡುವವರು ಆ ಅಕ್ಕನೇ. ಆ ಫೋನ್ ಮಾಡುವಾಗ ಅವರ ಗತ್ತು ನೋಡಬೇಕು!

ಬಗೆಹರಿಯದೆ ಉಳಿದದ್ದು ಭಾನುವಾರ. ಹೋಟೆಲ್ ತುಂಬುವುದು ಅವತ್ತೇ, ಇವರ ಮಕ್ಕಳು ಮನೆಯಲ್ಲಿರುವುದೂ ಅವತ್ತೇ. ತಿಂಗಳಿಗೆ ಒಂದು ಭಾನುವಾರ ಸರದಿಯ ಮೇಲೆ ರಜೆ ಕೊಡಲು ಶುರು ಮಾಡಿದ್ದೇನೆ. ಈ ಡಿಸೆಂಬರ್‌ಗೆ ಪಟ್ಟಿ ಬರೆಯಲು ಕೂತಿದ್ದೆ. ಇಬ್ಬರಿಗೆ ಒಂದೇ ಭಾನುವಾರ ಬೇಕಂತೆ.