ತೇಲುವ ಜೆಟ್ಟಿಯ ಅಡಿಯಲ್ಲಿ ನೆಲೆಸಿದವರು

ಹಳೆಯ ಹಡಗೊಂದನ್ನು ಕಡಲಿನಲ್ಲಿ ಮುಳುಗಿಸಿ ಅದಕ್ಕೆ ಕೃತಕ ಬಂಡೆಸಾಲು ಎಂದು ಹೆಸರಿಟ್ಟ ಕೆಲವೇ ವರ್ಷಗಳಲ್ಲಿ ಅಲ್ಲಿಂದ ಚಿತ್ರಗಳು ಬರತೊಡಗುತ್ತವೆ. ಕಬ್ಬಿಣವೇ ಕಾಣದಷ್ಟು ಬಣ್ಣದ ಹೊದಿಕೆ, ಸುತ್ತಲೂ ಮೀನಿನ ಹಿಂಡು, ಕೆಳಗೆ ಕಡಲಿಗೆ ಮರುಜೀವ ಬಂದಿತೆಂಬ ಒಕ್ಕಣೆ. ಅಂಥ ಚಿತ್ರವನ್ನು ಕಂಡಾಗಲೆಲ್ಲ, ಅಲ್ಲಿ ಬಂದು ನೆಲೆಸಿದವರಲ್ಲಿ ಆ ಕಡಲಿನವರೇ ಎಷ್ಟು, ದೂರದ ಕಡಲುಗಳಿಂದ ಬಂದವರೆಷ್ಟು ಎಂದು ಕೇಳಬೇಕೆನಿಸುತ್ತದೆ. ಈ ವಿಷಯವನ್ನು ಓದುತ್ತ ಹೋದಂತೆ ನನಗೆ ಮನವರಿಕೆಯಾದ ಸಂಗತಿಯೊಂದಿದೆ: ನೆಲೆಯು ಕಲ್ಲಿನದೋ ಕಾಂಕ್ರೀಟಿನದೋ ಎನ್ನುವುದಕ್ಕಿಂತಲೂ ಅದು ತಳಕ್ಕೆ ಊರಿ ನಿಂತಿದೆಯೋ ನೀರಿನ ಮೇಲೆ ತೇಲುತ್ತಿದೆಯೋ, ಅದರ ಮೇಲೆ ಬೆಳಕು ಬೀಳುತ್ತದೆಯೋ ಇಲ್ಲವೋ, ಬೇಟೆಗಾರ ಜೀವಿಗಳು ಅಲ್ಲಿಗೆ ತಲುಪಬಲ್ಲವೋ ಇಲ್ಲವೋ ಎನ್ನುವುದು ಹೆಚ್ಚು ಮುಖ್ಯ. ಈ ಲೆಕ್ಕದಲ್ಲಿ, ಯಾರೂ ಚಿತ್ರ ತೆಗೆಯದ ತೇಲುವ ಜೆಟ್ಟಿಯು ಮುಳುಗಿದ ಹಡಗಿಗಿಂತ ದೊಡ್ಡ ಚಿಂತೆಯ ವಸ್ತುವಾಗಿದೆ.

ಬಂದರುಗಳಲ್ಲಿ ಯಾವ ಜೀವಿಗಳು ನೆಲೆಸುತ್ತಿವೆ ಎಂದು ತಿಳಿಯಲು ಸಂಶೋಧಕರು ಬಳಸುವ ಸಾಧನ ಬಹಳ ಸರಳವಾದುದು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಪಿವಿಸಿ ಹಲಗೆಯೊಂದನ್ನು ಇಟ್ಟಿಗೆಯ ಭಾರಕ್ಕೆ ಕಟ್ಟಿ, ಮುಖ ಕೆಳಗೆ ಮಾಡಿ, ಜೆಟ್ಟಿಯಿಂದ ಸುಮಾರು ಒಂದು ಮೀಟರ್ ಆಳಕ್ಕೆ ಇಳಿಬಿಡುತ್ತಾರೆ. ಮೂರು ತಿಂಗಳ ನಂತರ ಮೇಲೆತ್ತಿದರೆ ಪ್ಲಾಸ್ಟಿಕ್ ಕಾಣಿಸುವುದೇ ಅಪರೂಪ. ಬಾರ್ನಕಲ್ ಎಂಬ ಚಿಪ್ಪುಜೀವಿಗಳ ಬಿಳಿ ಗೋಪುರಗಳ ಮೇಲೆ, ನೀರನ್ನು ಸೋಸಿ ತಿನ್ನುವ ಅಸಿಡಿಯನ್ ಎಂಬ ಮೆತ್ತನೆಯ ಪ್ರಾಣಿಗಳ ಜೆಲ್ಲಿಯಂಥ ಹಾಸು ಹರಡಿರುತ್ತದೆ. ಬಟ್ರಿಲಸ್ ಕುಲದ್ದಾದರೆ ಆ ಹಾಸಿನಲ್ಲಿ ಪುಟ್ಟ ನಕ್ಷತ್ರಗಳ ಜೋಡಣೆ ಕಾಣುತ್ತದೆ. ಪ್ರತಿಯೊಂದು ಎಸಳೂ ಒಂದೊಂದು ಪ್ರಾಣಿ. ಮೂಲೆಯಲ್ಲಿ ಕಂದುಬಣ್ಣದ ಪೊದೆಯಂತೆ ಬುಗುಲಾ ನೆರಿಟಿನಾ ಎಂಬ ಬ್ರಯೋಜೋವ (ಪುಟ್ಟ ಪ್ರಾಣಿಗಳು ಸೇರಿ ಕಟ್ಟಿದ ಸಮೂಹ) ಇಳಿಬಿದ್ದಿದ್ದರೆ, ಅಂಚಿನಲ್ಲಿ ಅದೇ ಬಗೆಯ ವಾಟರ್ಸಿಪೋರಾದ ಗಡುಸಾದ ಕೆಂಪು-ಕಿತ್ತಳೆ ಪದರ ಒಂದರ ಮೇಲೊಂದು ಸುರುಳಿಯಾಗಿ ಏಳುತ್ತಿರುತ್ತದೆ. ಇಂಥ ಹಲಗೆಗಳ ಚಿತ್ರಗಳನ್ನು ಹಿಗ್ಗಿಸಿ ನೋಡುವುದು ನನ್ನ ಮಟ್ಟಿಗೆ ಒಂದು ಚಟವೇ ಆಗಿಬಿಟ್ಟಿದೆ. ಬೇರೆ ಬೇರೆ ಖಂಡಗಳ ಬಂದರುಗಳಿಂದ ಬಂದ ಹಲಗೆಗಳು ಒಂದನ್ನೊಂದು ಇಷ್ಟೊಂದು ಹೋಲುವುದು ಮಾತ್ರ ಕಣ್ಣಿಗೆ ಹಿತವಾದ ವಿಷಯವಲ್ಲ.

ಹೀಗಾಗುವುದಕ್ಕೆ ಕಾರಣಗಳಿವೆ. ತಳದಿಂದ ಮೇಲೆದ್ದ ಸಹಜ ಬಂಡೆಯ ಮೇಲೆ ಮುಳ್ಳುಚೆಂಡಿನಂಥ ಕಡಲ ಅರ್ಚಿನ್, ನಕ್ಷತ್ರಮೀನು, ಬಸವನಹುಳು ಮೊದಲಾದವು ತೆವಳಿಕೊಂಡು ಬಂದು ಹೊಸದಾಗಿ ಅಂಟಿದ ಮರಿಗಳನ್ನು ಕೆರೆದು ತಿನ್ನುತ್ತವೆ. ತೇಲುವ ಜೆಟ್ಟಿ ತಳವನ್ನು ಮುಟ್ಟುವುದೇ ಇಲ್ಲವಾದ್ದರಿಂದ ತೆವಳುವವರಿಗೆ ಅಲ್ಲಿಗೆ ದಾರಿಯಿಲ್ಲ. ಅದು ಉಬ್ಬರವಿಳಿತದೊಂದಿಗೆ ತಾನೂ ಏರಿಳಿಯುವುದರಿಂದ ಅದರ ಅಡಿಭಾಗ ಎಂದೂ ಒಣಗುವುದಿಲ್ಲ. ಅಲ್ಲಿ ಸದಾ ನೆರಳು ಇರುವುದರಿಂದ ಕಡಲಪಾಚಿ ಬೆಳೆಯದೆ, ನೀರನ್ನು ಸೋಸಿ ತಿನ್ನುವ ಪ್ರಾಣಿಗಳಿಗೆ ಇಡೀ ಜಾಗ ಬಿಟ್ಟಿಯಾಗಿ ದೊರೆಯುತ್ತದೆ. ಇದರ ಜೊತೆಗೆ, ಜೀವಿಗಳು ಅಂಟದಿರಲೆಂದು ದೋಣಿಗಳಿಗೆ ಬಳಿಯುವ ಬಣ್ಣದಿಂದ ಸೋರುವ ತಾಮ್ರವೂ ಸೇರುತ್ತದೆ. ಟಿಬಿಟಿ ಎಂಬ ತವರದ ವಿಷವನ್ನು ಹಡಗಿನ ಬಣ್ಣಗಳಲ್ಲಿ ಬಳಸದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವು 2008ರಲ್ಲಿ ಜಾರಿಗೆ ಬಂತು; ಅದು ಸರಿಯಾದ ನಿರ್ಧಾರವೇ. ಆದರೆ ಈಗ ಹೆಚ್ಚಾಗಿ ಬಳಕೆಯಲ್ಲಿರುವ ತಾಮ್ರವನ್ನು ಬುಗುಲಾ, ವಾಟರ್ಸಿಪೋರಾಗಳಂಥ ವಲಸಿಗರು ಅನೇಕ ಸ್ಥಳೀಯ ಜೀವಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಹಡಗಿನ ಹೊಟ್ಟೆಗೆ ಅಂಟಿ ಬಂದವರು ಬಂದರಿನಲ್ಲೂ ಅಂಥದೇ ಬಣ್ಣ, ಅಂಥದೇ ನೆರಳು, ಅಂಥದೇ ನುಣುಪನ್ನು ಕಾಣುತ್ತಾರೆ.

ಅಸಿಡಿಯನ್‌ಗಳ ಲಾರ್ವಾ ನೋಡಲು ಗೊದಮೊಟ್ಟೆಯಂತಿರುತ್ತದೆ. ಅದು ಏನನ್ನೂ ತಿನ್ನುವುದಿಲ್ಲ, ಹಲವು ಪ್ರಭೇದಗಳಲ್ಲಿ ಕೆಲವು ಗಂಟೆಗಳಷ್ಟೇ ಈಜಿ ಎಲ್ಲಾದರೂ ಅಂಟಿಕೊಳ್ಳಬೇಕು. ಅಂಥ ಜೀವಿಯು ಮರಳಿನ ಕರಾವಳಿಯ ನೂರಾರು ಕಿಲೋಮೀಟರ್ ದಾಟುವುದು ತನ್ನ ಶಕ್ತಿಯಿಂದ ಸಾಧ್ಯವಿಲ್ಲ. ಆದರೆ ನಡುನಡುವೆ ಅಲೆತಡೆಗೋಡೆ, ಜೆಟ್ಟಿ, ಗಾಳಿಯಂತ್ರದ ಕಂಬ ಇದ್ದರೆ ಪೀಳಿಗೆಗೊಂದು ನೆಲೆಯಂತೆ ಮುಂದೆ ಸಾಗಬಹುದು. ಇಟಲಿಯ ಪಕ್ಕದ ಉತ್ತರ ಏಡ್ರಿಯಾಟಿಕ್ ಸಮುದ್ರದ ಮರಳು ತೀರದಲ್ಲಿ ಸಾಲಾಗಿ ಕಟ್ಟಿದ ಅಲೆತಡೆಗೋಡೆಗಳ ಮೇಲೆ ಕೋಡಿಯಂ ಫ್ರಜೈಲ್ ಎಂಬ ಹೊರಗಿನ ಪಾಚಿ ಹಬ್ಬಿದ್ದು ಹೀಗೆಯೇ. ಅದರಲ್ಲೂ ಅಲೆಯ ಹೊಡೆತವಿಲ್ಲದ, ದಡದ ಕಡೆಯ ಮಗ್ಗುಲಲ್ಲಿ ಅದು ಹುಲುಸಾಗಿ ಬೆಳೆಯಿತು. ಉತ್ತರ ಸಮುದ್ರದ ಗಾಳಿಯಂತ್ರಗಳ ಕಂಬಗಳಲ್ಲಿ ಅಲೆ ಸಿಡಿಯುವ ಪಟ್ಟಿಯನ್ನು ಟೆಲ್ಮಟೋಜೆಟನ್ ಜಪೋನಿಕಸ್ ಎಂಬ ಕಡಲ ನೊಣ ಆವರಿಸಿಕೊಂಡಿದೆ. ದಡದಿಂದ ಅಷ್ಟು ದೂರದಲ್ಲಿ ಅಲೆ ಬಡಿಯುವ ಗಟ್ಟಿ ಮೇಲ್ಮೈ ಎಂಬುದೇ ಹಿಂದೆ ಇರಲಿಲ್ಲ; ಆದ್ದರಿಂದ ಆ ಪಟ್ಟಿಯಲ್ಲಿ ಜಾಗಕ್ಕಾಗಿ ಕಾದಾಡುವ ಹಳಬರೂ ಇರಲಿಲ್ಲ.

ಮನುಷ್ಯ ನಿರ್ಮಿಸಿದ ವಸ್ತುವೇ ವಾಹನವಾದ ಅತ್ಯಂತ ದೊಡ್ಡ ನಿದರ್ಶನ 2011ರ ಮಾರ್ಚ್‌ನಲ್ಲಿ ಜಪಾನಿಗೆ ಬಡಿದ ಸುನಾಮಿಯದು. ಮಿಸಾವಾ ಬಂದರಿನಿಂದ ಕಿತ್ತುಹೋದ, ಸುಮಾರು 20 ಮೀಟರ್ ಉದ್ದದ ತೇಲುವ ಕಟ್ಟೆಯೊಂದು 2012ರ ಜೂನ್‌ನಲ್ಲಿ ಅಮೆರಿಕದ ಆರೆಗನ್ ರಾಜ್ಯದ ದಡಕ್ಕೆ ಬಂದು ಬಿದ್ದಾಗ ಅದರ ಮೈತುಂಬ ಜಪಾನಿನ ಕಡಲಜೀವಿಗಳು ಜೀವಂತವಾಗಿದ್ದವು. ಮುಂದಿನ ವರ್ಷಗಳಲ್ಲಿ ಹವಾಯಿ ಹಾಗೂ ಉತ್ತರ ಅಮೆರಿಕದ ದಡ ಸೇರಿದ ಸುನಾಮಿ ಅವಶೇಷಗಳಲ್ಲಿ ಒಟ್ಟು 289 ಪ್ರಭೇದಗಳನ್ನು ಗುರುತಿಸಲಾಯಿತು. ಮರದ ದಿಮ್ಮಿಯಾಗಿದ್ದರೆ ಹಡಗುಹುಳುಗಳು ತಿಂದು ನಡುಗಡಲಲ್ಲೇ ಮುಗಿಸಿಬಿಡುತ್ತಿದ್ದವು. ಪ್ಲಾಸ್ಟಿಕ್ ಮತ್ತು ಫೈಬರ್‌ಗ್ಲಾಸ್‌ಗಳಿಗೆ ಅಂಥ ಅಂತ್ಯವಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಸಹಜ ನೆಲೆಗಳು ಸುರಕ್ಷಿತವೆಂದಾಗಲಿ, ಕೃತಕವಾದುದೆಲ್ಲ ಕೆಡುಕೆಂದಾಗಲಿ ಅಲ್ಲ. ಉತ್ತರ ಸಮುದ್ರದ ಎಣ್ಣೆ ವೇದಿಕೆಗಳ ಕಾಲುಗಳ ಮೇಲೆ ಅಲ್ಲಿಯದೇ ಆದ ಲೊಫೀಲಿಯಾ ಎಂಬ ತಣ್ಣೀರಿನ ಹವಳ ಬೆಳೆದಿದೆ. ಇತ್ತ, ಜಪಾನ್ ಮೂಲದ ಡೈಡೆಮ್ನಮ್ ವೆಕ್ಸಿಲಮ್ ಎಂಬ ಅಸಿಡಿಯನ್, ಅಟ್ಲಾಂಟಿಕ್‌ನ ಜಾರ್ಜಸ್ ಬ್ಯಾಂಕ್ ಎಂಬ ಕಡಲತಳದ ದಿಬ್ಬದಲ್ಲಿ ಯಾವ ಕಟ್ಟಡವೂ ಇಲ್ಲದ ಜಲ್ಲಿಕಲ್ಲಿನ ತಳದ ಸುಮಾರು 230 ಚದರ ಕಿಲೋಮೀಟರ್ ಪ್ರದೇಶಕ್ಕೆ ಹಬ್ಬಿತು. ಕಿತ್ತಳೆ ಬಣ್ಣದ ಟುಬಾಸ್ಟ್ರಿಯಾ ಹವಳದ ಕಥೆಯಂತೂ ಎರಡೂ ಬಗೆಯ ನೆಲೆಗಳ ನಡುವಿನ ಹಾದಿಯನ್ನೇ ತೋರಿಸುತ್ತದೆ. ಇದು ಇಂಡೋ-ಪೆಸಿಫಿಕ್ ಕಡಲಿನದು. ಒಳಗೆ ಪಾಚಿಯನ್ನು ಸಾಕಿಕೊಳ್ಳದ ಕಾರಣ ಬಿಸಿಲಿನ ಹಂಗಿಲ್ಲದೆ ನೆರಳಿನಲ್ಲೂ ಬೆಳೆಯುತ್ತದೆ. ಬ್ರೆಜಿಲ್‌ನಲ್ಲಿ ಇದು ಮೊದಲು ಕಾಣಿಸಿದ್ದು 1980ರ ದಶಕದಲ್ಲಿ ಎಣ್ಣೆ ವೇದಿಕೆಗಳ ಮೇಲೆ, ಆಮೇಲೆ ಕರಾವಳಿಯ ಸಹಜ ಬಂಡೆಗಳ ಮೇಲೆ. ಮೆಕ್ಸಿಕೊ ಕೊಲ್ಲಿಯ ಉತ್ತರ ಭಾಗದಲ್ಲಿ, ಹೊರಗಿನಿಂದ ಬಂದ ಬೇಟೆಗಾರ ಸಿಂಹಮೀನುಗಳ ಸಾಂದ್ರತೆಯು ಸಹಜ ಬಂಡೆಸಾಲುಗಳಿಗಿಂತ ಕೃತಕ ಬಂಡೆಸಾಲುಗಳಲ್ಲಿ ಹತ್ತಾರು ಪಟ್ಟು ಹೆಚ್ಚೆಂದು ದಾಖಲಾಗಿದೆ. ಬರಿಯ ಮೀನಿನ ಸಂಖ್ಯೆಯನ್ನಷ್ಟೇ ಎಣಿಸಿ ಕೃತಕ ಬಂಡೆಸಾಲು ಯಶಸ್ವಿಯಾಯಿತೆಂದು ಹೇಳುವವರು ಸಿಂಹಮೀನನ್ನೂ ಯಶಸ್ಸಿನ ಲೆಕ್ಕಕ್ಕೇ ಸೇರಿಸಬೇಕಾಗುತ್ತದೆ.

ಪೆಸಿಫಿಕ್‌ನ ಪಾಲ್ಮೈರಾ ಹವಳದ್ವೀಪದ ಪ್ರಕರಣವು ಸ್ಥಳೀಯ, ಹೊರಗಿನ ಎಂಬ ವಿಂಗಡಣೆಯನ್ನೇ ಕಲಕಿಬಿಡುತ್ತದೆ. 1991ರಲ್ಲಿ ಅಲ್ಲಿ ಮೀನುಗಾರಿಕಾ ಹಡಗೊಂದು ಮುಳುಗಿತು. ಕೆಲವು ವರ್ಷಗಳಲ್ಲಿ ಅದರ ಸುತ್ತ ರೋಡಾಕ್ಟಿಸ್ ಹೋವೆಸೈ ಎಂಬ ಮೆತ್ತನೆಯ ಜೀವಿ ಹಬ್ಬಿ ಹವಳಗಳನ್ನು ಮುಚ್ಚತೊಡಗಿತು. ಹಡಗಿನಿಂದ ದೂರ ಹೋದಂತೆ ಅದರ ಪ್ರಮಾಣ ಇಳಿಯುತ್ತಿತ್ತು. ಇದು ದೂರದ ಸಾಗರದಿಂದ ಬಂದ ಜೀವಿಯಲ್ಲ, ಇಂಡೋ-ಪೆಸಿಫಿಕ್‌ನದೇ. ಕಬ್ಬಿಣದ ಅಂಶ ತೀರ ಕಡಿಮೆಯಿರುವ ಆ ನೀರಿಗೆ ತುಕ್ಕು ಹಿಡಿದ ಹಡಗು ಕಬ್ಬಿಣವನ್ನು ಒದಗಿಸಿದ್ದೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಭಾವಿಸುತ್ತಾರೆ. ಅವಶೇಷಗಳನ್ನು ತೆಗೆದುಹಾಕಿದ್ದು 2013 ಮತ್ತು 2014ರಲ್ಲಿ. ಸ್ಥಳೀಯ ಎಂಬ ಹಣೆಪಟ್ಟಿಯೊಂದೇ ನಿರಾತಂಕಕ್ಕೆ ಸಾಲದೆಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಈ ಹಡಗು.

ಒಮ್ಮೆ ನೆಲೆಯೂರಿದವರನ್ನು ತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ಎರಡು ಬಂದರುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 1999ರಲ್ಲಿ ಕಪ್ಪುಪಟ್ಟೆಯ ಮಸೆಲ್ ಎಂಬ ಎರಡು ಚಿಪ್ಪಿನ ಹೊರಗಿನ ಜೀವಿ ಪತ್ತೆಯಾದಾಗ, ಅಲ್ಲಿನ ದೋಣಿ ನಿಲ್ದಾಣಗಳಿಗೆ ನೀರನ್ನು ತಡೆಯುವ ಬಾಗಿಲುಗಳಿದ್ದುದರಿಂದ ಅವುಗಳನ್ನು ಮುಚ್ಚಿ, ಕ್ಲೋರಿನ್ ಮತ್ತು ತಾಮ್ರದ ಸಲ್ಫೇಟ್ ಸುರಿದು ಮಸೆಲನ್ನು ಪೂರ್ತಿಯಾಗಿ ನಿರ್ಮೂಲ ಮಾಡಿದರು. ಒಳಗಿದ್ದ ಇತರ ಜೀವಿಗಳೂ ಸತ್ತವು, ಆ ಬೆಲೆಯನ್ನು ತಿಳಿದೇ ತೆತ್ತರು. ವೇಲ್ಸ್‌ನ ಹೋಲಿಹೆಡ್‌ನಲ್ಲಿ 2008ರಲ್ಲಿ ಡೈಡೆಮ್ನಮ್ ಕಂಡಾಗ ಅಂಥ ಬಾಗಿಲುಗಳಿರಲಿಲ್ಲ. ಅಲ್ಲಿ ತೇಲುವ ಜೆಟ್ಟಿಗಳನ್ನೂ ಸರಪಳಿಗಳನ್ನೂ ಪ್ಲಾಸ್ಟಿಕ್‌ನಿಂದ ಸುತ್ತಿ, ಒಳಗಿನ ನೀರು ಕೊಳೆತು ಅಸಿಡಿಯನ್ ಉಸಿರುಗಟ್ಟುವಂತೆ ಮಾಡಿದರು. ಮೊದಲಿಗೆ ಫಲ ಕಂಡಿತಾದರೂ ಅದು ಮತ್ತೆ ಮರಳಿ ಬಂತು.

ಹಡಗುಗಳು ಸಮತೋಲಕ್ಕೆಂದು ತುಂಬಿಕೊಳ್ಳುವ, ಜೀವಿಗಳನ್ನೂ ಹೊತ್ತೊಯ್ಯುವ ಬ್ಯಾಲಾಸ್ಟ್ ನೀರಿನ ನಿರ್ವಹಣೆಗಾಗಿ 2004ರಲ್ಲಿ ಅಂಗೀಕರಿಸಿದ ಒಪ್ಪಂದವು 2017ರಿಂದ ಜಾರಿಯಲ್ಲಿದೆ. ಹಡಗಿನ ಮೈಗೆ ಅಂಟಿ ಬರುವವರ ವಿಷಯದಲ್ಲಿ ಅಂಥ ಬಿಗಿ ಇನ್ನೂ ಬಂದಿಲ್ಲ. ತಡೆಗೋಡೆಗಳ ವಿನ್ಯಾಸದಲ್ಲಿ ಮಾತ್ರ ಒಳ್ಳೆಯ ಪ್ರಯತ್ನಗಳು ನಡೆಯುತ್ತಿವೆ: ಸಿಡ್ನಿ ಮತ್ತು ಸಿಯಾಟಲ್‌ಗಳಲ್ಲಿ ನುಣುಪಾದ ಕಾಂಕ್ರೀಟಿಗೆ ಬಿರುಕು, ಹಳ್ಳ, ಒರಟುತನಗಳನ್ನು ಕೊಟ್ಟು ಸ್ಥಳೀಯ ಜೀವಿಗಳಿಗೆ ಆಸರೆ ಒದಗಿಸುತ್ತಿದ್ದಾರೆ. ತೇಲುವ ಜೆಟ್ಟಿಗೆ ಈ ಉಪಾಯ ಹೆಚ್ಚು ನಾಟುವುದಿಲ್ಲವೆಂದು ನನಗೆ ತೋರುತ್ತದೆ, ಏಕೆಂದರೆ ಅಲ್ಲಿ ಕೊರತೆಯಿರುವುದು ಬೇಟೆಗಾರರದು. ಹಳೆಯ ಜೆಟ್ಟಿಯನ್ನಾಗಲಿ, ಎಣ್ಣೆ ವೇದಿಕೆಯನ್ನಾಗಲಿ ಒಂದು ಬಂದರಿನಿಂದ ಮತ್ತೊಂದಕ್ಕೆ ಎಳೆದೊಯ್ಯುವ ಮೊದಲು ಅದರ ಅಡಿಭಾಗವನ್ನು ಮುಳುಗುಗಾರರಿಂದ ಪರೀಕ್ಷಿಸಿ, ಮೇಲೆತ್ತಲು ಸಾಧ್ಯವಿರುವುದನ್ನು ಸಂಪೂರ್ಣ ಒಣಗುವವರೆಗೆ ದಡದಲ್ಲಿ ಇರಿಸಬೇಕೆಂಬ ನಿಯಮವಾದರೂ ಎಲ್ಲೆಡೆ ಬರಲಿ ಎಂಬುದು ನನ್ನ ಅಪೇಕ್ಷೆ. ನೀರಿನಿಂದ ಹೊರಬಂದ ಅಸಿಡಿಯನ್ ಬಿಸಿಲಿಗೆ ಹೆಚ್ಚು ದಿನ ತಾಳುವುದಿಲ್ಲ.